ಕುಡಿಯಲು ನೀರು, ಕುಡಿಯುವ ನೀರು: ತುಮಂತ ಕೃದಂತಗಳ ಚಾರಿತ್ರಿಕ ವಿಚಾರ

೧

ಕಡೂರು ತಾಲ್ಲೂಕಿನ ಹಿರೇನಲ್ಲೂರು ಹೊಯ್ಸಳ ಶೈಲಿಯ ಮಲ್ಲಿಕಾರ್ಜುನ ದೇವಾಲಯದಿಂದ ಶಿಲ್ಪಾಭ್ಯಾಸಿಗಳಿಗೆ ಪರಿಚಿತವಾದ ಗ್ರಾಮ. ವ್ಯಾಕರಣಾಭ್ಯಾಸಿಗಳಿಗಾದರೋ ಆ ಊರಿನ ಹೆಸರೇ ವಿಚಾರಯೋಗ್ಯವಾಗಿದೆ. ‘ಹಿರೇ’ ಎಂಬುದು ‘ಹಿರಿಯ’ ಎಂಬುದರ ಸಂಕ್ಷಿಪ್ತ ರೂಪ. ‘ನಲ್ಲೂರು’ ಎಂಬುದನ್ನು ‘ನಲ್’ ಮತ್ತು ‘ಊರು’ ಎಂದು ಬಿಡಿಸಬಹುದು. ಎಂದರೆ ಎರಡು ವಿಶೇಷಣಗಳು ಒಂದರ ಹಿಂದೊಂದು ನಿಂತು, ಎಲ್ಲಕ್ಕೂ ಕೊನೆಯಲ್ಲಿ ವಿಶೇಷ್ಯವು ಬಂದಿದೆ. ವಿಶೇಷಣವು ಮುಂದೆ, ವಿಶೇಷ್ಯವು ಹಿಂದೆ ಎಂಬ ಈ ನಿಯಮವು ಕನ್ನಡದಲ್ಲಿ ಒಂಟಿ ಪದಗಳಿಗೆ ಮಾತ್ರವೇ ಸಲ್ಲತಕ್ಕದ್ದಲ್ಲ. ಒಂದು ವಾಕ್ಯದಷ್ಟು ಅರ್ಥವನ್ನು ಹೊತ್ತ ವಿಶೇಷಣವೂ ಈ ನಿಯಮಕ್ಕೇ ಅಧೀನವಾಗಿರುವುದು. ‘ಊರಿನ ಹಿರಿಯರು ಹಿಂದೆ ಕಟ್ಟಿಸಿದ ಕೆರೆ’ ಎನ್ನುವಾಗ ಕರ್ತೃ, ಕಾಲ, ಕ್ರಿಯೆ ಇವೆಲ್ಲವೂ ‘ಕೆರೆ’ ಎಂಬ ವಿಶೇಷ್ಯಕ್ಕಿಂತ ಮೊದಲೇ ಬಂದು ನಿಲ್ಲುತ್ತವೆ.

ಇಂಗ್ಲಿಷ್ ಭಾಷೆಯಲ್ಲಿ ಕ್ರಮವು ಇದಕ್ಕೆ ವಿಪರೀತ. ಅಲ್ಲಿ ವಿಶೇಷ್ಯವು ಮೊದಲು ಬಂದು, ಅದನ್ನು ವಿಶೇಷಿಸುವ ವಾಕ್ಯವು ‘ಹೂ’, ‘ವಿಚ್’, ‘ದಟ್’ ಎಂಬ ಸಂಬಂಧವಾಚಕ ಸರ್ವನಾಮಗಳಲ್ಲೊಂದನ್ನು ಹಿಡಿದು ಹಿಂಬಾಲಿಸುವುದು. ಇದಲ್ಲದೆ ಆ ಭಾಷೆಯಲ್ಲಿ ಎರಡನೆಯದೊಂದು ಮಾರ್ಗವುಂಟು. ಸಂಬಂಧವಾಚಕವನ್ನೂ ಪೂರ್ಣಕ್ರಿಯಾಪದವನ್ನೂ ಬಿಟ್ಟು, ಅವುಗಳ ಸ್ಥಾನದಲ್ಲಿ ‘ಟು’ ಎಂಬ ಉಪಪದದೊಡನೆ ಕೂಡಿದ ಭಾವರೂಪವೊಂದನ್ನೇ ಇರಿಸುವುದು ಆ ಮಾರ್ಗ. ‘ವಾಟರ್ ಟು ಡ್ರಿಂಕ್’, ‘ಎ ಹೌಸ್ ಟು ಲಿವ್ ಇನ್’, ‘ದಿ ಫಸ್ಟ್ ಮ್ಯಾನ್ ಟು ಕಮ್’ ಮುಂತಾದುವು ಇದಕ್ಕೆ ಉದಾಹರಣೆಗಳು. ಸಂಸ್ಕೃತದ ‘ತುಮುನ್’ ಪ್ರತ್ಯಯಕ್ಕೆ ಸಮಾನವಾದುದರಿಂದ ಈ ರೂಪವನ್ನು ತುಮಂತವೆಂದು ಕರೆಯಬಹುದು. ಕನ್ನಡದಲ್ಲಿ ‘ಕುಡಿಯಲು’, ‘ಮಾಡಲು’ ಎಂಬ ರೂಪಗಳು ಇದಕ್ಕೆ ಸಂವಾದಿಗಳೆಂದು ಶಾಲೆಗಳಲ್ಲಿ ಬೋಧಿಸಲ್ಪಡುತ್ತವೆ.

ಇಲ್ಲಿ ಒಂದು ಸಂದೇಹವು ಹುಟ್ಟುವುದು. ಇಂಗ್ಲಿಷಿನ ತುಮಂತವು ನಾಮಪದಕ್ಕೆ ವಿಶೇಷಣವಾಗಬಲ್ಲುದಾದರೆ, ಕನ್ನಡದ ತುಮಂತವೂ ಹಾಗೆ ಆಗಬಲ್ಲುದೇ? ಆಗಲಾರದಾದರೆ ಅದರ ಕೆಲಸವನ್ನು ಕನ್ನಡದಲ್ಲಿ ಯಾವುದು ಮಾಡುತ್ತದೆ? ಇದನ್ನು ಪ್ರಾಚೀನ ವೈಯಾಕರಣರು ಕಂಡಿದ್ದರೇ? ಅನುವಾದವು ದಿನನಿತ್ಯದ ಕೆಲಸವಾಗಿರುವ ಕಾಲದಲ್ಲಿ ಇದು ಕೇವಲ ಶುಷ್ಕವಾದವಲ್ಲ. ಕನ್ನಡ ಗದ್ಯದ ಅಂಗವಿನ್ಯಾಸಕ್ಕೇ ಸಂಬಂಧಿಸಿದ ಪ್ರಶ್ನೆ. ಸಂಸ್ಕೃತ ಶಾಸ್ತ್ರ, ಶಾಸನಗಳು, ಶಬ್ದಮಣಿದರ್ಪಣ, ಐರೋಪ್ಯರ ವ್ಯಾಕರಣಗಳು ಈ ಕ್ರಮದಲ್ಲಿ ಇದನ್ನು ವಿಚಾರಿಸುವುದು ಯುಕ್ತ.

೨

ಸಂಸ್ಕೃತದಲ್ಲಿ ವಿಶೇಷಣವಾಕ್ಯಕ್ಕೆ ಯಚ್ಛಬ್ದ ತಚ್ಛಬ್ದಗಳೇ ಆಧಾರ. ‘ಯಃ’ ಎಂದು ತೊಡಗಿದ ವಾಕ್ಯವು ‘ಸಃ’ ಎಂಬುದನ್ನು ಅಪೇಕ್ಷಿಸುವುದು. ಅವೆರಡರ ಸಂಬಂಧವು ನಿತ್ಯವೆಂದು ಶಾಸ್ತ್ರಕಾರರ ಮತ. ಆದರೂ ಆ ಭಾಷೆಯು ಯಚ್ಛಬ್ದವೊಂದನ್ನೇ ನಂಬಿಕೊಂಡಿಲ್ಲ. ಕೃತ್ಪ್ರತ್ಯಯಗಳಿಂದಲೂ ಸಮಾಸಗಳಿಂದಲೂ ವಾಕ್ಯಾರ್ಥವನ್ನು ಒಂದು ಪದದೊಳಗೆ ಅಡಕಗೊಳಿಸುವ ಶಕ್ತಿಯು ಅದಕ್ಕೆ ಧಾರಾಳವಾಗಿ ಉಂಟು. ‘ಕುಡಿಯಲ್ಪಡತಕ್ಕುದು’ ಎಂಬರ್ಥದ ‘ಪಾನೀಯ’ ಶಬ್ದವು ನೀರಿಗೇ ಹೆಸರಾಗಿ ನಿಂತಿರುವುದು ಇದಕ್ಕೆ ಸುಲಭವಾದ ನಿದರ್ಶನ. ಇಂಗ್ಲಿಷಿನವರು ‘ವಾಟರ್ ಟು ಡ್ರಿಂಕ್’ ಎಂದು ಮೂರು ಪದಗಳಲ್ಲಿ ಹೇಳುವುದನ್ನು ‘ಅನೀಯ’ ಎಂಬ ಕೃತ್ಯಪ್ರತ್ಯಯವು ಒಂದೇ ಪದದಲ್ಲಿ ಸಾಧಿಸಿದೆ.

ತುಮುನ್ ಪ್ರತ್ಯಯದ ವಿಷಯದಲ್ಲಿ ಪಾಣಿನಿಯ ಎರಡು ಸೂತ್ರಗಳು ಪ್ರಕೃತಕ್ಕೆ ಮುಖ್ಯವಾದುವು. ಅಷ್ಟಾಧ್ಯಾಯಿಯ ಮೂರನೆಯ ಅಧ್ಯಾಯದ ಮೂರನೆಯ ಪಾದದ ೧೦ನೆಯ ಸೂತ್ರವು, ಒಂದು ಕ್ರಿಯೆಯು ಮತ್ತೊಂದು ಕ್ರಿಯೆಗಾಗಿ ನಡೆಯುವಾಗ ಆ ಉದ್ದಿಷ್ಟ ಕ್ರಿಯೆಯನ್ನು ಹೇಳುವ ಧಾತುವಿಗೆ ತುಮುನ್ ಬರುವುದೆಂದು ವಿಧಿಸುತ್ತದೆ. ‘ಭೋಕ್ತುಂ ವ್ರಜತಿ’ ಎಂಬಲ್ಲಿ ಹೋಗುವುದು ಉಣ್ಣುವುದಕ್ಕಾಗಿ. ಆದಕಾರಣ ತುಮಂತದ ಅನ್ವಯವು ಮೂಲತಃ ಕ್ರಿಯೆಯೊಡನೆಯೇ ಹೊರತು ನಾಮದೊಡನೆ ಅಲ್ಲ. ಈ ವಿಧಿಯು ಭವಿಷ್ಯದರ್ಥದ ಅಧಿಕಾರದಲ್ಲಿ ಬಂದಿರುವುದೂ ಗಮನಾರ್ಹ. ಉದ್ದೇಶವೆಂಬುದು ಇನ್ನೂ ನಡೆಯದ ಕ್ರಿಯೆಯಷ್ಟೆ. ಅದೇ ಪಾದದ ೧೬೭ನೆಯ ಸೂತ್ರವಾದರೋ ಕಾಲ, ಸಮಯ, ವೇಲಾ ಎಂಬ ಶಬ್ದಗಳು ಉಪಪದವಾಗಿರುವಾಗಲೂ ತುಮುನ್ ಬರುವುದೆಂದು ಹೇಳುತ್ತದೆ. ‘ಭೋಕ್ತುಂ ಕಾಲಃ’ ಎಂದರೆ ಉಣ್ಣುವ ಹೊತ್ತು. ಇಲ್ಲಿ ತುಮಂತವು ನಾಮಪದದೊಡನೆ ನೇರವಾಗಿ ಸೇರಿದೆ. ಇಂಗ್ಲಿಷಿನಲ್ಲಿ ‘ಟೈಮ್ ಟು ಈಟ್’ ಎನ್ನುವ ಪ್ರಯೋಗಕ್ಕೆ ಇದು ಸರಿಸಮಾನವಾದುದು. ಇಂಥ ಸಂಬಂಧಕ್ಕೆ ಪಾಣಿನಿಯು ಪ್ರತ್ಯೇಕ ಸೂತ್ರವನ್ನೇ ರಚಿಸಬೇಕಾಯಿತೆಂಬುದರಿಂದ, ತುಮಂತವು ನಾಮಕ್ಕೆ ಅಂಟುವುದು ವಿಶೇಷವಿಧಿಯೇ ಹೊರತು ಸಾಮಾನ್ಯವಿಧಿಯಲ್ಲವೆಂದು ತಿಳಿಯತಕ್ಕದ್ದು.

೩

ಕನ್ನಡದ ಸ್ವಂತ ಪದ್ಧತಿಯನ್ನು ತಿಳಿಯುವುದಕ್ಕೆ ಶಾಸನಗಳಿಗಿಂತ ಉತ್ತಮವಾದ ಸಾಕ್ಷಿಯಿಲ್ಲ. ಆಗ ಕಡೂರು ಜಿಲ್ಲೆಯೆಂಬ ಹೆಸರಿದ್ದ ಈಗಿನ ಚಿಕ್ಕಮಗಳೂರು ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ ಆರನೆಯ ಸಂಪುಟದಲ್ಲಿ ೧೯೦೧ರಲ್ಲಿ ಪ್ರಕಟಿಸಿದರು. ಹೊಯ್ಸಳರ ಕಾಲದ ದಾನಶಾಸನಗಳ ರಚನಾಕ್ರಮವು ವಿದ್ವಾಂಸರಿಗೆ ತಿಳಿದುದೇ. ಮೊದಲು ದೇವತಾಸ್ತುತಿ; ಆಮೇಲೆ ರಾಜನ ಬಿರುದುಗಳು; ಅವನು ರಾಜ್ಯವನ್ನು ‘ಆಳುತ್ತಮಿರೆ’ ಎಂಬ ಎಕಾರಾಂತ ರೂಪ; ಆ ಬಳಿಕ ದಾನಿಯ ವಿಚಾರ, ‘ಬಿಟ್ಟ ದತ್ತಿ’, ಅದರ ಎಲ್ಲೆಗಳು; ಕಡೆಯಲ್ಲಿ ಧರ್ಮವನ್ನು ಕಾಪಾಡಿದವರಿಗೆ ಪುಣ್ಯಫಲ, ಅಳಿದವರಿಗೆ ಪಾಪಫಲ.

ಈ ಚೌಕಟ್ಟಿನಲ್ಲಿ ಮೂರು ಸಂಗತಿಗಳು ಪ್ರಕೃತ ವಿಚಾರಕ್ಕೆ ಉಪಯುಕ್ತವಾಗಿವೆ.

ಒಂದನೆಯದು: ದಾನದ ಉದ್ದೇಶವನ್ನು ಹೇಳುವಾಗ ನಾಮಪದಕ್ಕೆ ಚತುರ್ಥೀ ವಿಭಕ್ತಿಯನ್ನು ಹತ್ತಿಸುವುದು ಸಾಮಾನ್ಯ. ನೈವೇದ್ಯಕ್ಕೆ, ನಂದಾದೀವಿಗೆಗೆ, ಜೀರ್ಣೋದ್ಧಾರಕ್ಕೆ ಎಂದು ಉದ್ದೇಶಗಳು ಎಣಿಸಲ್ಪಡುತ್ತವೆ. ಈ ಚತುರ್ಥಿಗಳು ಅನ್ವಯಿಸುವುದು ‘ಬಿಟ್ಟ’, ‘ಕೊಟ್ಟ’ ಎಂಬ ಕ್ರಿಯೆಯೊಡನೆ. ‘ಭೂಮಿ’ ಎಂಬ ನಾಮದೊಡನೆ ಅಲ್ಲ.

ಎರಡನೆಯದು: ಭೂಮಿ, ದತ್ತಿ, ದೇಗುಲ ಮೊದಲಾದ ನಾಮಗಳನ್ನು ವಿಶೇಷಿಸಬೇಕಾದಾಗ ‘ಬಿಟ್ಟ’, ‘ಮಾಡಿಸಿದ’, ‘ಸಲ್ವ’ ಎಂಬ ಅಕಾರಾಂತ ಕೃದಂತಗಳೇ ಬರುತ್ತವೆ.

ಮೂರನೆಯದು ಎಲ್ಲಕ್ಕಿಂತ ಸ್ವಾರಸ್ಯವಾದುದು. ಅನೇಕ ಶಾಸನಗಳ ಅಂತ್ಯದಲ್ಲಿ ಒಂದೇ ಶಾಪವು ಎರಡು ಭಾಷೆಗಳಲ್ಲಿ ಬಂದಿರುವುದುಂಟು. ಸಂಸ್ಕೃತದ ಪ್ರಸಿದ್ಧ ಶ್ಲೋಕದಲ್ಲಿ ಭೂಮಿಯನ್ನು ಅಪಹರಿಸುವವನು ಯಚ್ಛಬ್ದದಿಂದ ನಿರ್ದಿಷ್ಟನಾಗುತ್ತಾನೆ. ಕನ್ನಡದ ಮಾತಿನಲ್ಲಾದರೋ ಯಚ್ಛಬ್ದಕ್ಕೆ ಸಂವಾದಿಯಾದ ಪದವೇ ಇಲ್ಲ. ‘ಅಳಿದವನು’ ಎಂಬ ಒಂದೇ ಕೃದಂತನಾಮವು ‘ಯಾವನು ಅಳಿಯುವನೋ ಅವನು’ ಎಂಬ ಇಡೀ ಅರ್ಥವನ್ನು ಹೊತ್ತು ನಿಲ್ಲುತ್ತದೆ. ಒಂದೇ ಕಲ್ಲಿನ ಮೇಲೆ, ಒಂದೇ ಅರ್ಥಕ್ಕೆ, ಎರಡು ಭಾಷೆಗಳು ತಮ್ಮ ತಮ್ಮ ದಾರಿಯನ್ನೇ ಹಿಡಿದಿವೆ.

ಈ ದಾರಿಯು ಹೊಯ್ಸಳರ ಕಾಲದಲ್ಲಿ ಹೊಸದಾಗಿ ಹುಟ್ಟಿದುದಲ್ಲ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ೧೯೩೬ರಲ್ಲಿ ಬೆಳಕಿಗೆ ಬಂದು, ಸಾಮಾನ್ಯವಾಗಿ ಕ್ರಿ. ಶ. ೪೫೦ರ ಸುಮಾರಿನದೆಂದು ಗಣಿಸಲ್ಪಡುವ ಶಾಸನದಲ್ಲಿಯೂ ದತ್ತಿಯನ್ನು ಕೆಡಿಸುವವನನ್ನು ‘ಅೞಿವೊನ್’ ಎಂಬ ಕೃದಂತನಾಮದಿಂದಲೇ ಹೇಳಿದೆ. ಆ ಶಾಸನವು ಸಂಸ್ಕೃತ ಶ್ಲೋಕದಿಂದ ಆರಂಭವಾಗಿ, ಸಂಸ್ಕೃತ ಶಬ್ದಗಳಿಂದ ತುಂಬಿದೆ. ಶಬ್ದಗಳನ್ನು ಅಷ್ಟು ಉದಾರವಾಗಿ ಸ್ವೀಕರಿಸಿದ ಭಾಷೆಯು ವಾಕ್ಯಸರಣಿಯಲ್ಲಿ ಮಾತ್ರ ತನ್ನತನವನ್ನು ಬಿಟ್ಟುಕೊಟ್ಟಿಲ್ಲ.

ಕಡೂರು ಸೀಮೆಗೆ ಸಮೀಪದ ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ, ಎರಡನೆಯ ವೀರಬಲ್ಲಾಳನ ದಂಡನಾಯಕನಾದ ಅಮೃತೇಶ್ವರನು ೧೧೯೬ರಲ್ಲಿ ಕಟ್ಟಿಸಿದ ದೇವಾಲಯವಿದೆ. ಅಲ್ಲಿಯ ಶಾಸನಪದ್ಯಗಳು ಕವಿಚಕ್ರವರ್ತಿ ಜನ್ನನವು. ಆ ಜನ್ನನು ಶಬ್ದಮಣಿದರ್ಪಣಕಾರನಾದ ಕೇಶಿರಾಜನ ಸೋದರಮಾವ. ಸೋದರಮಾವನು ಕಲ್ಲಿನ ಮೇಲೆ ಬರೆಯಿಸಿದ ಭಾಷೆಗೆ ಸೋದರಳಿಯನು ಸೂತ್ರಗಳನ್ನು ರಚಿಸಿದನೆಂದರೆ ಅತಿಶಯೋಕ್ತಿಯಾಗದು. ಹೀಗೆ ಶಾಸನಗಳಿಂದ ವ್ಯಾಕರಣಕ್ಕೆ ಹೋಗುವ ಮಾರ್ಗವು ಇಲ್ಲಿ ಒಂದು ಮನೆತನದೊಳಗೇ ಇದೆ.

೪

ಕೇಶಿರಾಜನ ಶಬ್ದಮಣಿದರ್ಪಣವು ಕ್ರಿ. ಶ. ೧೨೬೦ರ ಸುಮಾರಿನದು. ಅವನಿಗಿಂತ ಹಿಂದೆ ಎರಡನೆಯ ನಾಗವರ್ಮನು ಕಾವ್ಯಾವಲೋಕನದ ಶಬ್ದಸ್ಮೃತಿ ಭಾಗವನ್ನು ಕನ್ನಡದಲ್ಲಿಯೂ ಕರ್ಣಾಟಕಭಾಷಾಭೂಷಣವನ್ನು ಸಂಸ್ಕೃತ ಸೂತ್ರಗಳಲ್ಲಿಯೂ ರಚಿಸಿದ್ದನು; ಅನಂತರ ೧೬೦೪ರಲ್ಲಿ ಭಟ್ಟಾಕಳಂಕನು ಸಂಸ್ಕೃತದಲ್ಲಿಯೇ ಕರ್ಣಾಟಕ ಶಬ್ದಾನುಶಾಸನವನ್ನು ರಚಿಸಿದನು. ಇವರೆಲ್ಲರೂ ಸಂಸ್ಕೃತ ವ್ಯಾಕರಣದ ಪರಿಭಾಷೆಯನ್ನೇ ಅವಲಂಬಿಸಿದವರು. ಆದಕಾರಣ ಇವರು ಕನ್ನಡದ ಸ್ವಭಾವವನ್ನು ಸಂಸ್ಕೃತದ ಅಚ್ಚಿಗೆ ಒತ್ತಿದರೆಂಬ ಆಕ್ಷೇಪವು ಆಧುನಿಕರಲ್ಲಿ ಉಂಟು. ಡಿ. ಎನ್. ಶಂಕರ ಭಟ್ಟರು ೨೦೦೦ದಲ್ಲಿ ಪ್ರಕಟಿಸಿದ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಗ್ರಂಥದ ಹೆಸರೇ ಈ ಪಕ್ಷವನ್ನು ಸ್ಪಷ್ಟವಾಗಿ ಸಾರುತ್ತದೆ. ಕೆಲವು ಪ್ರಕರಣಗಳಲ್ಲಿ ಈ ಆಕ್ಷೇಪವು ನ್ಯಾಯವಾದುದೇ. ಆದರೆ ವಿಶೇಷಣವಾಕ್ಯದ ವಿಷಯದಲ್ಲಿ ಕೇಶಿರಾಜನು ಕನ್ನಡದ ಕಡೆಗೇ ಕಣ್ಣಿಟ್ಟಿದ್ದನೆಂಬುದಕ್ಕೆ ಎರಡು ಪ್ರಮಾಣಗಳಿವೆ.

ಮೊದಲನೆಯದು ಕೃಲ್ಲಿಂಗ. ನಾಮಪ್ರಕೃತಿಗೆ ಲಿಂಗವೆಂದು ಹೆಸರಿಟ್ಟು ಅದನ್ನು ವಿಭಾಗಿಸುವಾಗ ಅವನು ಕೃತ್ತಿನಿಂದಾದುದನ್ನು ಒಂದು ಬಗೆಯಾಗಿ ಎಣಿಸುತ್ತಾನೆ. ‘ಮಾಡಿದಂ’, ‘ಮಾಡುವಂ’, ‘ಮಾಡದಂ’ ಇಂಥವು ಕ್ರಿಯೆಯಿಂದ ಹುಟ್ಟಿ ನಾಮದಂತೆ ವಿಭಕ್ತಿಯನ್ನು ಹೊಂದುವ ರೂಪಗಳು. ಶಾಸನದ ‘ಅೞಿವೊನ್’ ಈ ವರ್ಗಕ್ಕೇ ಸೇರಿದುದು. ಇಂಗ್ಲಿಷಿನಲ್ಲಿ ಒಂದು ಸರ್ವನಾಮ, ಒಂದು ಸಂಬಂಧವಾಚಕ, ಒಂದು ಕ್ರಿಯಾಪದ ಈ ಮೂರೂ ಬೇಕಾಗುವೆಡೆಯಲ್ಲಿ ಇಲ್ಲಿ ಒಂದೇ ಪದವು ಸಾಕಾಗಿರುವುದನ್ನು ಕೃಲ್ಲಿಂಗವೆಂಬ ಸಂಜ್ಞೆಯು ಸರಿಯಾಗಿ ಗುರುತಿಸಿದೆ.

ಎರಡನೆಯದು ಗಮಕಸಮಾಸ. ಸಂಸ್ಕೃತದ ಸಮಾಸಗಳ ಪಟ್ಟಿಯಲ್ಲಿಲ್ಲದ ಕ್ರಿಯಾಸಮಾಸ ಗಮಕಸಮಾಸಗಳು ಕನ್ನಡ ವ್ಯಾಕರಣದ ವಿಶೇಷಗಳು. ಸರ್ವನಾಮವಾಗಲಿ ಕೃದಂತವಾಗಲಿ ಪೂರ್ವಪದವಾಗಿ ನಿಂತು ಉತ್ತರಪದವಾದ ನಾಮದೊಡನೆ ಕೂಡುವುದು ಗಮಕಸಮಾಸ. ಇದರಲ್ಲಿ ಎರಡು ತೆರನ ರೂಪಗಳಿವೆ. ‘ಬೆಂದಡಿಗೆ’ ಎಂಬಂತೆ ಕೃದಂತವು ತನ್ನ ರೂಪದಲ್ಲಿಯೇ ಕಾಣುವುದುಂಟು. ಪ್ರತ್ಯಯವೆಲ್ಲವೂ ಲೋಪವಾಗಿ ಬರಿಯ ಧಾತುವೇ ಉಳಿಯುವುದೂ ಉಂಟು. ‘ಕಡೆಗೋಲು’ ಎಂಬುದನ್ನು ವಿಗ್ರಹಿಸುವಾಗ ‘ಕಡೆವುದು ಕೋಲು’ ಎನ್ನುತ್ತಾರೆ. ಅರ್ಥವು ಕಡೆಯುವುದಕ್ಕೆ ಸಾಧನವಾದ ಕೋಲೆಂದು. ‘ಬೀಸುಕಲ್ಲು’, ‘ತುರಿಮಣೆ’, ‘ಒರೆಗಲ್ಲು’, ‘ತೂಗುದೊಟ್ಟಿಲು’, ‘ಸುಡುಗಾಡು’ ಇವೆಲ್ಲವೂ ಹೀಗೆಯೇ ಸಾಧಿತವಾದುವು.

ಈ ಪದಗಳನ್ನು ಇಂಗ್ಲಿಷಿಗೆ ವಿವರಿಸಿ ಹೇಳಬೇಕಾದರೆ ‘ಎ ಸ್ಟಿಕ್ ಟು ಚರ್ನ್ ವಿತ್’, ‘ಎ ಸ್ಟೋನ್ ಟು ಗ್ರೈಂಡ್ ವಿತ್’ ಎಂದು ತುಮಂತವನ್ನೇ ಆಶ್ರಯಿಸಬೇಕಾಗುವುದು. ಕಡೆಯಲ್ಲಿ ‘ವಿತ್’ ಎಂಬ ಉಪಸರ್ಗವು ಕರಣಕಾರಕವನ್ನು ಸೂಚಿಸುತ್ತ ಒಂಟಿಯಾಗಿ ನಿಲ್ಲುತ್ತದೆ. ಕನ್ನಡದಲ್ಲಿ ಆ ಕಾರಕವು ಶಬ್ದದಿಂದ ಹೇಳಲ್ಪಡದೆ, ಧಾತುವಿನ ಅರ್ಥ ಮತ್ತು ವಸ್ತುವಿನ ಸ್ವಭಾವಗಳಿಂದಲೇ ಗಮ್ಯವಾಗುವುದು. ಮೊಸರು ಕಡೆಯುವ ಮನೆಯಲ್ಲಿ ಹುಟ್ಟಿದ ಮಗುವಿಗೆ ಕೋಲು ಕಡೆಯುವುದೋ ಕೋಲಿನಿಂದ ಕಡೆಯುವುದೋ ಎಂಬ ಸಂಶಯವು ಎಂದಿಗೂ ಬಾರದು. ಇಂಗ್ಲಿಷಿನವರು ತುಮಂತದಿಂದ ಮಾಡುವ ಕೆಲಸವನ್ನು ಕನ್ನಡವು ಗಮಕಸಮಾಸದಿಂದ ಎಷ್ಟೋ ಶತಮಾನಗಳಿಂದ ಅಡುಗೆಯ ಮನೆಯಲ್ಲಿಯೇ ಮಾಡಿಕೊಂಡು ಬಂದಿದೆ.

೫

ಇನ್ನು ಐರೋಪ್ಯ ವ್ಯಾಕರಣಗಳ ವಿಚಾರ. ವಿಲಿಯಂ ಕೇರಿಯ ಕರ್ನಾಟ ಭಾಷಾ ವ್ಯಾಕರಣವು ೧೮೧೭ರಲ್ಲಿ ಶ್ರೀರಾಂಪುರದಲ್ಲಿಯೂ, ಜಾನ್ ಮೆಕೆರೆಲ್ಲನದು ೧೮೨೦ರಲ್ಲಿ ಮದರಾಸಿನಲ್ಲಿಯೂ ಅಚ್ಚಾದುವು. ೧೮೫೯ರಲ್ಲಿ ಥಾಮಸ್ ಹಾಡ್ಸನ್ ಅವರ ಪ್ರಥಮ ವ್ಯಾಕರಣವು ಬೆಂಗಳೂರಿನಲ್ಲಿ ಹೊರಬಂದಿತು. ಶಬ್ದಮಣಿದರ್ಪಣವನ್ನು ೧೮೭೨ರಲ್ಲಿ ಪರಿಷ್ಕರಿಸಿ ಪ್ರಕಟಿಸಿದ ಎಫ್. ಕಿಟ್ಟೆಲ್ ಅವರು ೧೯೦೩ರಲ್ಲಿ ಮಂಗಳೂರಿನಿಂದ ತಮ್ಮ ದೊಡ್ಡ ಕನ್ನಡ ವ್ಯಾಕರಣವನ್ನು ಹೊರತಂದರು. ೧೯೧೪ರಲ್ಲಿ ಹೆರಾಲ್ಡ್ ಸ್ಪೆನ್ಸರ್ ಅವರ ವ್ಯಾಕರಣವು ಬಂದಿತು. ಇವರ ಶ್ರಮಕ್ಕೆ ಕನ್ನಡವು ಸದಾ ಋಣಿಯಾಗಿರತಕ್ಕದ್ದು.

ಆದರೆ ಈ ಗ್ರಂಥಗಳು ಇಂಗ್ಲಿಷ್ ಬಲ್ಲವರು ಕನ್ನಡವನ್ನು ಕಲಿಯಲೆಂದು ಇಂಗ್ಲಿಷಿನಲ್ಲಿ ರಚಿತವಾದುವು. ಆದುದರಿಂದ ಕನ್ನಡ ರೂಪಗಳಿಗೆ ಇಡಲ್ಪಟ್ಟ ಹೆಸರುಗಳು ಅವುಗಳ ಸ್ವರೂಪಕ್ಕಿಂತ ಅವುಗಳ ಅನುವಾದವನ್ನು ಅನುಸರಿಸಿದುವು. ‘ಮಾಡಿದ’, ‘ಮಾಡುವ’ ಎಂಬಿವನ್ನು ಇಂಗ್ಲಿಷಿಗೆ ತಿರುಗಿಸುವಾಗ ಸಂಬಂಧವಾಚಕವು ಬೇಕಾಗುವುದರಿಂದ ಅವು ‘ರಿಲೆಟಿವ್ ಪಾರ್ಟಿಸಿಪಲ್’ ಎನಿಸಿದುವು. ‘ಮಾಡಲು’ ಎಂಬುದನ್ನು ‘ಟು ಡೂ’ ಎಂದು ತಿರುಗಿಸಬಹುದಾದುದರಿಂದ ಅದು ‘ಇನ್ಫಿನಿಟಿವ್’ ಎನಿಸಿತು. ೧೮೫೬ರಲ್ಲಿ ರಾಬರ್ಟ್ ಕಾಲ್ಡ್‌ವೆಲ್ಲನು ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಬರೆದಾಗ, ಸಂಬಂಧವಾಚಕ ಸರ್ವನಾಮದ ಬದಲು ಇಂಥ ಕೃದಂತಗಳನ್ನು ಬಳಸುವುದನ್ನು ದ್ರಾವಿಡ ಭಾಷೆಗಳಿಗೂ ಸಂಸ್ಕೃತಕ್ಕೂ ಇರುವ ಮುಖ್ಯ ಭೇದಗಳಲ್ಲಿ ಒಂದಾಗಿ ಎಣಿಸಿದನು. ಭಾಷಾಕುಲವನ್ನು ನಿರ್ಣಯಿಸುವುದಕ್ಕೆ ಇದು ಬೆಲೆಯುಳ್ಳ ಮಾತೇ. ಆದರೂ ‘ಕನ್ನಡದಲ್ಲಿ ಸಂಬಂಧವಾಚಕವಿಲ್ಲ’ ಎಂಬ ವಾಕ್ಯವನ್ನು ಮೇಲಿಂದ ಮೇಲೆ ಕೇಳಿದವರಿಗೆ ಅದೊಂದು ಕೊರತೆಯೆಂಬ ಭಾವನೆಯುಂಟಾಗುವುದು ಸಹಜ.

ಇಂಗ್ಲಿಷಿನ ತುಮಂತದ ಪೂರ್ವಚರಿತ್ರೆಯನ್ನು ನೋಡಿದರೆ ಈ ಭಾವನೆಯು ಸಡಿಲವಾಗುವುದು. ಪ್ರಾಚೀನ ಇಂಗ್ಲಿಷಿನಲ್ಲಿ ‘ಟು’ ಎಂಬುದು ‘ಕಡೆಗೆ’ ಎಂಬರ್ಥದ ಉಪಸರ್ಗ. ಅದರ ಮುಂದೆ ಧಾತುವಿನ ಭಾವನಾಮವು ಚತುರ್ಥೀ ಪ್ರತ್ಯಯದೊಡನೆ ಬರುತ್ತಿತ್ತು. ಕಾಲಕ್ರಮದಲ್ಲಿ ಪ್ರತ್ಯಯವು ಸವೆದುಹೋಗಿ ‘ಟು’ ಎಂಬುದು ಮಾತ್ರ ಗುರುತಾಗಿ ಉಳಿಯಿತು. ವೇದಭಾಷೆಯಲ್ಲಿಯೂ ‘ತವೇ’, ‘ತವೈ’ ಎಂಬ ಚತುರ್ಥ್ಯಂತದಂಥ ರೂಪಗಳಿವೆ. ಕನ್ನಡದಲ್ಲಿ ‘ಮಾಡಲ್’ ಎಂಬುದರ ಜೊತೆಗೆ ‘ಮಾಡಲ್ಕೆ’ ಎಂಬುದೂ, ಈಗಿನ ‘ಮಾಡಲಿಕ್ಕೆ’, ‘ಮಾಡುವುದಕ್ಕೆ’ ಎಂಬುವೂ, ಆಡುಮಾತಿನ ‘ಮಾಡೋಕೆ’, ‘ಮಾಡಾಕ’ ಎಂಬುವೂ ‘ಕೆ’ ಎಂಬ ಚತುರ್ಥಿಯನ್ನೇ ಧರಿಸಿವೆ. ಉದ್ದೇಶವನ್ನು ಚತುರ್ಥಿಯಿಂದ ಹೇಳುವುದರಲ್ಲಿ ಮೂರು ಭಾಷೆಗಳೂ ಒಂದೇ ತೆರ. ಭೇದವು ಅಲ್ಲಿಂದ ಮುಂದಿನದು. ಇಂಗ್ಲಿಷಿನ ತುಮಂತವು ಕ್ರಿಯೆಯನ್ನು ಬಿಟ್ಟು ನಾಮಕ್ಕೆ ಅಂಟಿಕೊಳ್ಳುವುದನ್ನು ಕಲಿಯಿತು. ಕನ್ನಡದ ತುಮಂತವು ಕ್ರಿಯೆಯ ಕೈಯನ್ನು ಬಿಡಲಿಲ್ಲ.

೬

ಈ ಭೇದವನ್ನು ಪ್ರಯೋಗದಿಂದ ಪರೀಕ್ಷಿಸಬಹುದು. ‘ಕುಡಿಯಲು ನೀರು ಕೊಡು’ ಎಂಬುದು ಶುದ್ಧವಾದ ಕನ್ನಡ. ಮೇಲುನೋಟಕ್ಕೆ ‘ಕುಡಿಯಲು’ ಎಂಬುದು ‘ನೀರು’ ಎಂಬುದಕ್ಕೆ ವಿಶೇಷಣವಾದಂತೆ ತೋರಬಹುದು. ಆದರೆ ‘ನೀರನ್ನು ಕುಡಿಯಲು ಕೊಡು’ ಎಂದು ಪದಗಳನ್ನು ಸ್ಥಳಾಂತರಿಸಿದರೂ ಅರ್ಥಕ್ಕೆ ಭಂಗವಿಲ್ಲ. ಎಂದರೆ ‘ಕುಡಿಯಲು’ ಎಂಬುದರ ಅನ್ವಯವು ‘ಕೊಡು’ ಎಂಬ ಕ್ರಿಯೆಯೊಡನೆ. ಪಾಣಿನಿಯ ಹತ್ತನೆಯ ಸೂತ್ರದ ಲಕ್ಷಣವು ಇಲ್ಲಿ ಅಕ್ಷರಶಃ ಸಮನ್ವಯವಾಗುತ್ತದೆ. ಇನ್ನು ‘ಕುಡಿಯುವ ನೀರನ್ನು ಚೆಲ್ಲಬೇಡ’ ಎಂಬ ವಾಕ್ಯವನ್ನು ತೆಗೆದುಕೊಳ್ಳಬಹುದು. ಇಲ್ಲಿ ‘ಕುಡಿಯುವ’ ಎಂಬುದರ ಸ್ಥಾನದಲ್ಲಿ ‘ಕುಡಿಯಲು’ ಎಂದು ಇರಿಸಿದರೆ, ಕುಡಿಯುವುದಕ್ಕಾಗಿ ಚೆಲ್ಲಬೇಡವೆಂಬ ವಿಪರೀತಾರ್ಥವು ಬರುವುದು. ‘ನೀರನ್ನು ಕುಡಿಯುವ ಚೆಲ್ಲಬೇಡ’ ಎಂದು ಸ್ಥಳಾಂತರಿಸಿದರಂತೂ ವಾಕ್ಯವೇ ಆಗದು. ಆದಕಾರಣ ಅಲುವಂತ ರೂಪವು ಕ್ರಿಯೆಗೆ ಅಂಗ, ಉವಾಂತ ರೂಪವು ನಾಮಕ್ಕೆ ಅಂಗ ಎಂಬುದು ಸಿದ್ಧವಾಯಿತು. ಕಾಲಶಬ್ದದ ಪ್ರಯೋಗದಲ್ಲಿಯೂ ಹೀಗೆಯೇ. ‘ಉಣ್ಣಲು ಹೊತ್ತಾಯಿತು’ ಎಂಬಲ್ಲಿ ‘ಆಯಿತು’ ಎಂಬ ಕ್ರಿಯೆಯುಂಟು; ಕ್ರಿಯೆಯಿಲ್ಲದೆಡೆ ‘ಉಣ್ಣುವ ಹೊತ್ತು’ ಎಂದೇ ಆಗತಕ್ಕದ್ದು.

‘ಉವ’ ಎಂಬ ರೂಪವು ಉದ್ದೇಶವನ್ನು ಹೇಗೆ ತಿಳಿಸುವುದೆಂಬ ಪ್ರಶ್ನೆಗೆ ಹಳಗನ್ನಡ ವ್ಯಾಕರಣವೇ ಉತ್ತರವನ್ನು ಕೊಡುತ್ತದೆ. ಈಗಿನ ಶಾಲಾವ್ಯಾಕರಣಗಳು ವರ್ತಮಾನವೆನ್ನುವ ‘ವ’ಕಾರವು ಕೇಶಿರಾಜನ ಮತದಲ್ಲಿ ಭವಿಷ್ಯತ್ತಿನ ಗುರುತು. ಭವಿಷ್ಯತ್ತೆಂದರೆ ಮುಂದೆ ಆಗುವುದು. ಆಗಲೆಂದು ಉದ್ದೇಶಿತವಾದುದು, ಆಗುವುದಕ್ಕೆ ಯೋಗ್ಯವಾದುದು ಎಂಬ ಛಾಯೆಗಳು ಅದರಲ್ಲಿ ಅಂತರ್ಗತ. ಪಾಣಿನಿಯ ತುಮುನ್ ವಿಧಿಯು ಭವಿಷ್ಯದಧಿಕಾರದಲ್ಲಿ ಬಂದಿರುವುದನ್ನು ಇದರೊಡನೆ ಹೋಲಿಸಿದರೆ ಎರಡೂ ಒಂದೇ ತತ್ತ್ವವನ್ನು ಆಶ್ರಯಿಸಿರುವುದು ಕಾಣುತ್ತದೆ.

ಇದಕ್ಕಿಂತ ಸ್ಫುಟವಾಗಿ ಹೇಳಬೇಕಾದೆಡೆಯಲ್ಲಿ ಕನ್ನಡವು ಮತ್ತೊಂದು ಉಪಾಯವನ್ನು ಹೂಡಿದೆ. ‘ವರ್ಕ್ ಟು ಡೂ’ ಎಂಬುದನ್ನು ‘ಮಾಡಬೇಕಾದ ಕೆಲಸ’ ಎಂದು ಹೇಳುತ್ತೇವೆಂಬುದು ಪ್ರಸಿದ್ಧ. ‘ಮಾಡಬೇಕು’ ಎಂಬುದು ಹಳಗನ್ನಡದ ‘ಮಾಡಲ್ವೇೞ್ಕುಂ’ ಎಂಬುದರಿಂದ ಬಂದುದು. ಎಂದರೆ ಅದರೊಳಗೆ ತುಮಂತವು ಅಡಗಿದೆ. ಆದರೆ ಅದು ನೇರವಾಗಿ ನಾಮವನ್ನು ಮುಟ್ಟದೆ, ಮೊದಲು ‘ಬೇಕು’ ಎಂಬುದರೊಡನೆ ಕೂಡಿ, ಆಮೇಲೆ ‘ಆದ’ ಎಂಬ ಕೃದಂತದ ಮೂಲಕ ‘ಕೆಲಸ’ವನ್ನು ಸೇರುತ್ತದೆ. ‘ಓದಬಹುದಾದ ಪುಸ್ತಕ’, ‘ನೋಡತಕ್ಕ ಸ್ಥಳ’, ‘ಮಾಡಬಾರದ ಕಾರ್ಯ’, ‘ಬರಲಿರುವ ಅತಿಥಿ’ ಇವೆಲ್ಲ ಇದೇ ಜಾತಿಯವು. ಇಂಗ್ಲಿಷಿನ ಒಂದೇ ‘ಟು’ ಎಂಬುದು ಕರ್ತವ್ಯತೆ, ಶಕ್ಯತೆ, ಯೋಗ್ಯತೆ, ಭಾವಿತ್ವಗಳನ್ನು ಕೇಳುವವನ ಊಹೆಗೆ ಬಿಡುತ್ತದೆ. ಕನ್ನಡವು ಬೇಕು, ಬಹುದು, ತಕ್ಕ, ಇರುವ ಎಂದು ಒಂದೊಂದನ್ನೂ ಬೇರೆಬೇರೆಯಾಗಿ ಹೇಳುತ್ತದೆ. ಸಂಸ್ಕೃತದ ತವ್ಯ, ಅನೀಯ ಎಂಬ ಕೃತ್ಯಪ್ರತ್ಯಯಗಳ ಕೆಲಸವನ್ನು ಇವು ಹಂಚಿಕೊಂಡಿವೆ.

ಕ್ರಮಸಂಖ್ಯೆಯ ಪ್ರಯೋಗದಲ್ಲಿಯೂ ಒಂದು ಸೂಕ್ಷ್ಮವಿದೆ. ‘ದಿ ಫಸ್ಟ್ ಟು ಕಮ್’ ಎಂಬಲ್ಲಿ ಉದ್ದೇಶವೇನೂ ಇಲ್ಲ. ನಡೆದುಹೋದ ಸಂಗತಿಯನ್ನೇ ತುಮಂತವು ಹೇಳುತ್ತದೆ. ಕನ್ನಡದಲ್ಲಿ ಇದು ‘ಮೊದಲು ಬಂದವನು’ ಎಂದು ಭೂತಕೃದಂತದಿಂದಲೂ, ಇನ್ನೂ ಬಾರದಿದ್ದರೆ ‘ಮೊದಲು ಬರುವವನು’ ಎಂದು ಭವಿಷ್ಯತ್ಕೃದಂತದಿಂದಲೂ ಹೇಳಲ್ಪಡುವುದು. ೧೯೬೭ರ ಜ್ಞಾನಪೀಠ ಪ್ರಶಸ್ತಿಗೆ ಪಾತ್ರರಾದ ಕುವೆಂಪು ಅವರನ್ನು ‘ಆ ಪ್ರಶಸ್ತಿಯನ್ನು ಪಡೆದ ಮೊದಲನೆಯ ಕನ್ನಡ ಕವಿ’ ಎನ್ನಬೇಕೇ ಹೊರತು ‘ಪಡೆಯಲು ಮೊದಲನೆಯ ಕವಿ’ ಎನ್ನಲಾಗದು. ಇಂಗ್ಲಿಷಿನ ತುಮಂತವು ಮುಚ್ಚಿಡುವ ಕಾಲಭೇದವನ್ನು ಕನ್ನಡದ ಕೃದಂತವು ಬಿಚ್ಚಿ ತೋರಿಸುತ್ತದೆ.

೭

ಕೃದಂತಮಾರ್ಗಕ್ಕೆ ದೋಷಗಳೇ ಇಲ್ಲವೆಂದು ಹೇಳುವುದು ಪಕ್ಷಪಾತವಾದೀತು. ವಿಶೇಷ್ಯದ ಕಾರಕವು ಶಬ್ದದಿಂದ ತಿಳಿಯಲ್ಪಡದಿರುವುದರಿಂದ ಸಂದಿಗ್ಧತೆಯು ಬರುವುದುಂಟು. ‘ಬರೆದ ಕವಿ’, ‘ಬರೆದ ಕಾವ್ಯ’, ‘ಬರೆದ ಲೇಖನಿ’, ‘ಬರೆದ ದಿನ’ ಎಂಬಲ್ಲಿ ಕ್ರಮವಾಗಿ ಕರ್ತೃ, ಕರ್ಮ, ಕರಣ, ಅಧಿಕರಣಗಳು ಅರ್ಥಬಲದಿಂದ ಸ್ಪಷ್ಟ. ಆದರೆ ‘ಹುಲಿ ಕೊಂದ ಬೇಟೆಗಾರ’ ಎಂದರೆ ಸತ್ತವರು ಯಾರು? ‘ಹುಲಿಯನ್ನು ಕೊಂದ’ ಎಂದು ವಿಭಕ್ತಿಯನ್ನು ಬಿಡದೆ ಹೇಳಿದರೆ ಮಾತ್ರ ಸಂಶಯವು ಪರಿಹಾರವಾಗುವುದು. ಜೊತೆ, ಮೂಲಕ, ಬಗ್ಗೆ ಎಂಬರ್ಥಗಳು ಬಂದಾಗ ಕೃದಂತವು ಇನ್ನೂ ಕುಂಟುತ್ತದೆ. ಅಂಥೆಡೆಗಳಲ್ಲಿ ‘ಯಾರ ಜೊತೆಯಲ್ಲಿ ಹೋದನೋ ಅವರು’ ಎಂಬ ದ್ವಿವಾಕ್ಯಮಾರ್ಗವೇ ಗತಿ. ವಿಶೇಷಣವು ಬಹಳ ಉದ್ದವಾದಾಗಲೂ ಈ ಮಾರ್ಗವು ಓದುಗನ ಶ್ರಮವನ್ನು ಕಡಮೆ ಮಾಡುವುದು.

ಈ ಎರಡನೆಯ ಮಾರ್ಗವು ಸಂಸ್ಕೃತದ ಅನುಕರಣವೆಂದು ಕೆಲವರೂ, ದ್ರಾವಿಡ ಭಾಷೆಗಳಲ್ಲಿಯೇ ಮೂಲತಃ ಇದ್ದುದೆಂದು ಕೆಲವರೂ ವಾದಿಸುತ್ತಾರೆ. ಹೇಗಾದರೂ ಕನ್ನಡವು ಯಚ್ಛಬ್ದವನ್ನು ಎರವಲು ತರಲಿಲ್ಲ. ತನ್ನದೇ ಆದ ‘ಯಾವ’, ‘ಯಾರು’ ಎಂಬ ಪ್ರಶ್ನಾರ್ಥಕಗಳಿಗೆ ಕಡೆಯಲ್ಲಿ ‘ಓ’ಕಾರವನ್ನು ಸೇರಿಸಿ ಕಾರ್ಯವನ್ನು ಸಾಧಿಸಿಕೊಂಡಿತು. ಈ ರಚನೆಯ ಬಲವು ನೆರೆಯ ಭಾಷೆಯಲ್ಲಿಯೂ ಕಾಣುತ್ತದೆ. ಕರ್ನಾಟಕದ ಸಾರಸ್ವತರ ಕೊಂಕಣಿಯು ಆರ್ಯಭಾಷೆಯಾಗಿದ್ದರೂ, ಕನ್ನಡದ ಸಹವಾಸದಿಂದ ತನ್ನ ಸಂಬಂಧವಾಚಕಮಾರ್ಗವನ್ನು ಬಿಟ್ಟು ಪ್ರಶ್ನಾರ್ಥಕಮಾರ್ಗವನ್ನು ಹಿಡಿದಿರುವುದನ್ನು ಎಂ. ವಿ. ನಾಡಕರ್ಣಿಯವರು ೧೯೭೫ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಪ್ರತಿಪಾದಿಸಿದ್ದಾರೆ. ಕೊರತೆಯುಳ್ಳದ್ದೆಂದು ಭಾವಿಸಲ್ಪಟ್ಟ ಭಾಷೆಯೇ ಕೊಡುವ ಭಾಷೆಯಾಯಿತು.

ಇಷ್ಟರಿಂದ ಫಲಿಸುವ ಸಿದ್ಧಾಂತವಿದು. ಇಂಗ್ಲಿಷಿನಲ್ಲಿ ತುಮಂತವು ವಿಶೇಷಣವಾಕ್ಯದ ಸ್ಥಾನದಲ್ಲಿ ನಿಂತಿರುವಾಗ, ಅದಕ್ಕೆ ಕನ್ನಡದಲ್ಲಿ ಸಂವಾದಿಯಾದುದು ತುಮಂತವಲ್ಲ, ಕೃದಂತವು. ಎರಡಕ್ಕೂ ಒಂದೇ ಹೆಸರಿರುವ ಮಾತ್ರಕ್ಕೆ ಒಂದನ್ನು ಮತ್ತೊಂದರಿಂದ ಭಾಷಾಂತರಿಸುವುದು ಸಲ್ಲದು. ‘ನೋಡಲು ಸ್ಥಳಗಳು’, ‘ಓದಲು ಪುಸ್ತಕಗಳ ಪಟ್ಟಿ’ ಎಂಬಂಥ ಪ್ರಯೋಗಗಳು ಹುಟ್ಟುವುದು ಈ ಹೆಸರಿನ ಸಾಮ್ಯದಿಂದಲೇ; ‘ನೋಡತಕ್ಕ ಸ್ಥಳಗಳು’, ‘ಓದಬೇಕಾದ ಪುಸ್ತಕಗಳ ಪಟ್ಟಿ’ ಎಂದರೆ ಭಾಷೆಯೂ ಉಳಿಯುವುದು, ಅರ್ಥವೂ ಒಂದು ಕೂದಲೆಳೆಯಷ್ಟು ಹೆಚ್ಚು ನಿಖರವಾಗುವುದು. ಉಪಾಧ್ಯಾಯರು ವಿದ್ಯಾರ್ಥಿಗಳಿಗೆ ತುಮಂತವನ್ನು ಬೋಧಿಸುವಾಗ ‘ಇದರ ಕನ್ನಡ ರೂಪವೇನು?’ ಎಂದು ಕೇಳುವುದಕ್ಕೆ ಮೊದಲು ‘ಇದು ಅನ್ವಯಿಸುವುದು ಕ್ರಿಯೆಗೋ, ನಾಮಕ್ಕೋ?’ ಎಂದು ಕೇಳುವ ಪದ್ಧತಿಯನ್ನು ಇಟ್ಟುಕೊಂಡರೆ ಸಾಕು. ಕ್ರಿಯೆಗಾದರೆ ‘ಅಲು’, ನಾಮಕ್ಕಾದರೆ ‘ಉವ’, ‘ಬೇಕಾದ’, ‘ತಕ್ಕ’. ಪಾಣಿನಿಯ ಸೂತ್ರವೂ ಕೇಶಿರಾಜನ ಗಮಕಸಮಾಸವೂ ಶಾಸನದ ಲಿಪಿಕಾರರ ಪದ್ಧತಿಯೂ ಈ ಒಂದು ಪ್ರಶ್ನೆಯಲ್ಲಿ ಏಕೀಭವಿಸುತ್ತವೆ.